ಎಡಗೈಗೆ ಬಿಡುವು ಕೊಟ್ಟ ಯಂತ್ರ

ಸಾಹಿತ್ಯದ ಪುಟದಲ್ಲಿ ಮೋಟಾರು ಸೈಕಲ್ಲಿಗೇನು ಕೆಲಸವೆಂದು ಓದುಗರು ಹುಬ್ಬೇರಿಸಬಹುದು. ಕನ್ನಡ ಪಾಠ ಹೇಳುವ ನನಗೂ ಆ ಸಂಕೋಚವುಂಟು. ಆದರೆ ಜಪಾನಿನ ಸೋಯಿಚಿರೋ ಹೋಂಡಾ ಎಂಬ ಕಮ್ಮಾರನ ಮಗನ ವೃತ್ತಾಂತವನ್ನು ಓದಿದಂದಿನಿಂದ ಒಂದು ವಿಚಾರ ನನ್ನನ್ನು ಬಿಟ್ಟಿಲ್ಲ: ಆತನ ಕೀರ್ತಿಯಲ್ಲಿ ಅರ್ಧ ಪಾಲು, ಯಂತ್ರವನ್ನೇ ಮಾಡದ ಇನ್ನೊಬ್ಬನಿಗೆ ಸಲ್ಲಬೇಕಾದುದು.

ಹೋಂಡಾ ಹುಟ್ಟಿದ್ದು 1906ರಲ್ಲಿ, ಷಿಜುವೋಕಾ ಪ್ರಾಂತದ ಒಂದು ಹಳ್ಳಿಯಲ್ಲಿ. ಹುಡುಗತನದಲ್ಲೇ ಟೋಕಿಯೋಗೆ ಹೋಗಿ ಮೋಟಾರು ದುರಸ್ತಿಯ ಅಂಗಡಿಯಲ್ಲಿ ಕೆಲಸ ಕಲಿತನು. ಮುಂದೆ ಪಿಸ್ಟನ್ ಉಂಗುರಗಳ ಕಾರ್ಖಾನೆ ನಡೆಸಿದನು. ಯುದ್ಧದ ಬಾಂಬುಗಳೂ 1945ರ ಭೂಕಂಪವೂ ಸೇರಿ ಅದನ್ನು ಹಾಳುಗೆಡವಿದವು. ಸೋತ ದೇಶದಲ್ಲಿ ರೈಲುಗಳು ಕಿಕ್ಕಿರಿದಿದ್ದವು; ಸಾಮಾನ್ಯರಿಗೆ ಸೈಕಲ್ಲೇ ಗತಿ. ಸೈನ್ಯದ ನಿಸ್ತಂತು ಸಲಕರಣೆಗೆ ವಿದ್ಯುತ್ತು ಒದಗಿಸಲೆಂದು ಮಾಡಿ, ಯುದ್ಧ ಮುಗಿದ ಮೇಲೆ ಯಾರಿಗೂ ಬೇಡವಾಗಿ ಉಳಿದಿದ್ದ ಪುಟ್ಟ ಎಂಜಿನುಗಳನ್ನು ಆತನು 1946ರಲ್ಲಿ ಹಮಮಾತ್ಸು ಪಟ್ಟಣದಲ್ಲಿ ಸೈಕಲ್ಲುಗಳಿಗೆ ಕಟ್ಟಿದನು. ಊರಬೀದಿಯಲ್ಲಿ ಅದನ್ನು ಓಡಿಸಿ ನೋಡಿದವಳು ಹೆಂಡತಿ ಸಾಚಿ. ಮನೆಗೆ ಮರಳಿದಾಗ ಆಕೆಯ ಬಟ್ಟೆಗೆಲ್ಲ ಎಣ್ಣೆಯ ಕಲೆ. ಪೆಟ್ರೋಲು ದೊರೆಯದ ಕಾಲವಾದುದರಿಂದ ಪೈನ್ ಮರದ ಬೇರಿನಿಂದ ತೆಗೆದ ಎಣ್ಣೆಯನ್ನು ಬೆರೆಸಿಯೂ ಓಡಿಸಿದ್ದುಂಟು.

1948ರಲ್ಲಿ ಕಂಪನಿ ಸ್ಥಾಪನೆಯಾಯಿತು. ಮರುವರ್ಷ ‘ಡ್ರೀಮ್’ ಎಂಬ ನಿಜವಾದ ಮೋಟಾರು ಸೈಕಲ್ಲು ಹೊರಬಂದಿತು. ಅದೇ ವರ್ಷ ಬಂದವನು ತಕೇವೋ ಫುಜಿಸಾವಾ. ಜಪಾನಿನಲ್ಲಿ ಸಹಿಯ ಬದಲು ಮುದ್ರೆ ಒತ್ತುವ ರೂಢಿ. ಹೋಂಡಾ ತನ್ನ ಮುದ್ರೆಯನ್ನೇ ಈತನ ವಶಕ್ಕೊಪ್ಪಿಸಿ, ಹಣಕಾಸಿನ ಗೋಜಿಗೆ ಹೋಗದೆ ಎಂಜಿನಿನ ಮುಂದೆ ಕುಳಿತನು. ಇಂಥ ನಂಬಿಕೆ ಅಣ್ಣತಮ್ಮಂದಿರಲ್ಲೂ ಅಪರೂಪ. ಫುಜಿಸಾವಾ 1952ರಲ್ಲಿ ಜಪಾನಿನ ಸುಮಾರು 50,000 ಸೈಕಲ್ಲಂಗಡಿಗಳಿಗೆ ಕಾಗದ ಬರೆದು, ಸೈಕಲ್ಲಿಗೆ ಜೋಡಿಸುವ ‘ಕಬ್’ ಎಂಜಿನನ್ನು ಮಾರಲು ಆಹ್ವಾನಿಸಿದನು. ಮೋಟಾರು ವ್ಯಾಪಾರಿಗಳನ್ನು ಬಿಟ್ಟು ಸೈಕಲ್ಲಂಗಡಿಯವರ ಬಳಿಗೆ ಹೋದದ್ದರಲ್ಲೇ ಆತನ ಜಾಣ್ಮೆಯಿದೆ.

ಆದರೆ ಈ ಜೋಡಿಯ ಮಹಾಕೃತಿಯೆಂದರೆ 1958ರ ‘ಸೂಪರ್ ಕಬ್’. ಎರಡು ವರ್ಷ ಮೊದಲು ಇಬ್ಬರೂ ಜರ್ಮನಿಗೆ ಹೋಗಿ ಅಲ್ಲಿನ ಸಣ್ಣ ವಾಹನಗಳನ್ನು ನೋಡಿ ಬಂದಿದ್ದರು. ಎಂಜಿನು, ತಂತಿಗಳು ಕಣ್ಣಿಗೆ ಕಾಣದಂತೆ ಮುಚ್ಚಿದ, ಹೆಂಗಸರೂ ಒಪ್ಪುವ ವಾಹನ ಬೇಕೆಂದು ಫುಜಿಸಾವಾನ ಹಟ. ಹೋಂಡಾನ ಕಣ್ಣಮುಂದೆ ಇದ್ದವನು ಸೋಬಾ ಎಂಬ ಶ್ಯಾವಿಗೆಯಂಥ ತಿನಿಸನ್ನು ಮನೆಮನೆಗೆ ಮುಟ್ಟಿಸುವ ಅಂಗಡಿಯ ಹುಡುಗ. ಅವನ ಎಡಗೈಯಲ್ಲಿ ತಟ್ಟೆ; ಉಳಿದದ್ದು ಬಲಗೈ ಮಾತ್ರ. ಆದುದರಿಂದ ಕ್ಲಚ್ಚಿನ ಹಿಡಿಯನ್ನೇ ತೆಗೆದುಹಾಕಿ, ಎಂಜಿನಿನ ವೇಗಕ್ಕೆ ತಕ್ಕಂತೆ ಕ್ಲಚ್ಚು ತಾನಾಗಿ ಹಿಡಿದು ಬಿಡುವ ಏರ್ಪಾಟು ಮಾಡಿದರು. ಗೇರು ಬದಲಿಸುವುದು ಕಾಲಿನ ಕೆಲಸವಾಯಿತು. ತಿರುವಿನ ದೀಪದ ಗುಂಡಿಯೂ ಬಲಗಡೆಗೇ ಬಂತು. ನಡುವೆ ತಗ್ಗಿದ ಚೌಕಟ್ಟು, ಕೆಸರು ಸಿಡಿಯದಂತೆ ಕಾಲಿನ ಮುಂದೆ ಪ್ಲಾಸ್ಟಿಕ್ಕಿನ ಮರೆ, ಹಾಳು ರಸ್ತೆಗೆಂದು 17 ಅಂಗುಲದ ಗಾಲಿಗಳು. ಐವತ್ತು ಸಿ.ಸಿ.ಯ ಪುಟ್ಟ ನಾಲ್ಕು ಹೊಡೆತದ ಎಂಜಿನು ನಾಲ್ಕೂವರೆ ಅಶ್ವಶಕ್ತಿ ನೀಡುತ್ತಿತ್ತು.

ರಸಿಕರು ಕೊಂಡಾಡುವುದು ಬೇರೆಯದನ್ನು. 1954ರಲ್ಲಿ, ಕಂಪನಿ ಸಾಲದಲ್ಲಿದ್ದಾಗಲೇ, ಐಲ್ ಆಫ್ ಮ್ಯಾನ್ ದ್ವೀಪದ ಪಂದ್ಯವನ್ನು ಗೆಲ್ಲುವೆನೆಂದು ಹೋಂಡಾ ಸಾರಿದನು. 1959ರಲ್ಲಿ ಕಿಯೋಷಿ ಕವಾಷಿಮಾ ಎಂಬ ತರುಣನ ಮುಂದಾಳುತನದಲ್ಲಿ ಅವರ ತಂಡ ಅಲ್ಲಿಗೆ ಹೋಯಿತು. 1961ರಲ್ಲಿ 125, 250 ಸಿ.ಸಿ. ವರ್ಗಗಳೆರಡನ್ನೂ ಗೆದ್ದಿತು. 1969ರ ಸಿ.ಬಿ. 750, ನಾಲ್ಕು ಸಿಲಿಂಡರು, ಮುಂಗಾಲಿಗೆ ಡಿಸ್ಕ್ ಬ್ರೇಕು ಹೊತ್ತು ಬಂದು ಬ್ರಿಟನ್ನಿನ ಹಳೆಯ ಕಂಪನಿಗಳ ನಿದ್ದೆ ಕೆಡಿಸಿತು. ವರ್ಷಕ್ಕೆ 1,500 ಮಾರಾಟವಾದರೆ ಸಾಕೆಂದಿದ್ದವರು ತಿಂಗಳಿಗೇ ಅಷ್ಟು ತಯಾರಿಸಬೇಕಾಯಿತು. ಭವ್ಯವಾದುದು, ನಿಜ. ಆದರೂ ನನ್ನ ತೂಕದಲ್ಲಿ ಶ್ಯಾವಿಗೆ ಹೊರುವ ಹುಡುಗನ ವಾಹನವೇ ಹೆಚ್ಚು. 2017ರ ಹೊತ್ತಿಗೆ ಅದರ ಸಂತತಿ 10 ಕೋಟಿ ಮುಟ್ಟಿತ್ತು.

ನಮ್ಮ ಕೋಲಾರ ಜಿಲ್ಲೆಯ ನರಸಾಪುರದಲ್ಲಿ 2013ರಲ್ಲಿ ಈ ಕಂಪನಿಯ ಕಾರ್ಖಾನೆ ಆರಂಭವಾಯಿತು. ಹೋಂಡಾ ಸ್ಕೂಟರೇರಿ ಕಾಲೇಜಿಗೆ ಬರುವ ನನ್ನ ವಿದ್ಯಾರ್ಥಿಗಳನ್ನು ಫುಜಿಸಾವಾ ಯಾರೆಂದು ಕೇಳಿ ನೋಡಿದೆ. ಒಬ್ಬರಿಗೂ ತಿಳಿಯದು. ತಪ್ಪು ಅವರದಲ್ಲ, ವಾಹನದ ಮೇಲೆ ಬರೆದಿರುವುದು ಒಂದೇ ಹೆಸರು.

1973ರಲ್ಲಿ ಫುಜಿಸಾವಾ ಅಧಿಕಾರ ಬಿಡುವ ಮನಸ್ಸು ಮಾಡಿದನು. ಸುದ್ದಿ ತಿಳಿದ ಹೋಂಡಾ, ತಾನೂ ಜೊತೆಗೇ ಹೊರಡುವೆನೆಂದನು. ಇಬ್ಬರೂ ತಮ್ಮ ಮಕ್ಕಳನ್ನು ಕಂಪನಿಯೊಳಕ್ಕೆ ತಂದಿರಲಿಲ್ಲ. ಅಧ್ಯಕ್ಷಪೀಠವೇರಿದವನು, ದ್ವೀಪದ ಪಂದ್ಯಕ್ಕೆ ಮೊದಲ ತಂಡವನ್ನು ಕರೆದೊಯ್ದಿದ್ದ ಆ ಕವಾಷಿಮಾ.