ಯಾವ ವಿಕ್ರಮಾದಿತ್ಯ?

ಪಟ್ಟದಕಲ್ಲಿನ ವಿರೂಪಾಕ್ಷ ಗುಡಿಯ ನಂದಿ ಮಂಟಪದ ನೆರಳಲ್ಲಿ ಕೂತಿದ್ದಾಗ ಒಬ್ಬ ತಾಯಿ ತನ್ನ ಮಗನಿಗೆ ಹೇಳುತ್ತಿದ್ದ ಮಾತು ಕಿವಿಗೆ ಬಿತ್ತು: “ಬೇತಾಳನ್ನ ಹೆಗಲ ಮ್ಯಾಲ ಹೊತ್ಕೊಂಡು ಹೊಂಟಿದ್ನಲ್ಲ, ಆ ರಾಜಾ ಕಟ್ಟಿಸಿದ ಗುಡಿ ನೋಡಪ್ಪಾ ಇದು.” ಹುಡುಗ ಕಣ್ಣರಳಿಸಿ ಶಿಖರದ ತುದಿಯವರೆಗೂ ನೋಡಿದ. ಅವನ ಬೆರಗು ಕೆಡಿಸಲು ಮನಸ್ಸಾಗದೆ ನಾನು ಸುಮ್ಮನಾದೆ. ಆದರೆ ಆ ಗುಡಿಗೂ ಬೇತಾಳನ ರಾಜನಿಗೂ ಸಂಬಂಧವಿಲ್ಲ. ಅಷ್ಟೇ ಅಲ್ಲ, ಅದನ್ನು ಕಟ್ಟಿಸಿದ್ದು ರಾಜನಲ್ಲ, ರಾಣಿ.

ವಿಕ್ರಮಾದಿತ್ಯ ಎಂಬ ಹೆಸರು ನಮ್ಮ ಮನಸ್ಸಿನಲ್ಲಿ ಒಂದೇ ಮುಖವಾಗಿ ಕೂತುಬಿಟ್ಟಿದೆ. ಉಜ್ಜಯಿನಿಯ ಸಿಂಹಾಸನ, ನವರತ್ನಗಳು, ವಿಕ್ರಮ ಶಕೆ, ಬಾದಾಮಿ, ಕಲ್ಯಾಣ ಎಲ್ಲವೂ ಒಬ್ಬನ ಲೆಕ್ಕಕ್ಕೇ ಸೇರುತ್ತವೆ. ಬಿಡಿಸಿ ನೋಡಿದರೆ ಇವರ ನಡುವೆ ಸಾವಿರ ವರ್ಷಕ್ಕೂ ಮಿಕ್ಕ ಅಂತರವಿದೆ.

ಕಥೆಯ ರಾಜನಿಂದಲೇ ಶುರುಮಾಡೋಣ. ಕ್ರಿ.ಪೂ. 57ರಲ್ಲಿ ಉಜ್ಜಯಿನಿಯ ವಿಕ್ರಮಾದಿತ್ಯ ಶಕರನ್ನು ಸೋಲಿಸಿ ತನ್ನ ಹೆಸರಿನ ಶಕೆ ಆರಂಭಿಸಿದ ಎಂಬುದು ಬಹುಜನರ ನಂಬಿಕೆ. ಆ ಶಕೆ ಇದೆ, ನಿಜ. ಆದರೆ ಅದನ್ನು ಬಳಸಿದ ಹಳೆಯ ಶಾಸನಗಳು ಅದನ್ನು ಮೊದಲು ‘ಕೃತ’ ಎಂದೂ ಆಮೇಲೆ ‘ಮಾಲವ’ ಎಂದೂ ಕರೆಯುತ್ತವೆ. ವಿಕ್ರಮನ ಹೆಸರು ಅದಕ್ಕೆ ಅಂಟಿಕೊಂಡದ್ದು ಎಷ್ಟೋ ಶತಮಾನಗಳ ನಂತರ. ಅವನ ಆಸ್ಥಾನದ ನವರತ್ನಗಳ ಪಟ್ಟಿಯೂ ಹೀಗೆಯೇ ತಡವಾಗಿ ಬಂದದ್ದು. ಅದರಲ್ಲಿರುವ ವರಾಹಮಿಹಿರ ತನ್ನ ಪಂಚಸಿದ್ಧಾಂತಿಕೆಯ ಗಣಿತಕ್ಕೆ ಶಕ 427 ಅನ್ನು, ಅಂದರೆ ಕ್ರಿ.ಶ. 505 ಅನ್ನು ಆಧಾರವಾಗಿ ಇಟ್ಟುಕೊಂಡಿದ್ದಾನೆ. ಅವನು ಕ್ರಿಸ್ತಪೂರ್ವದ ಸಭೆಯಲ್ಲಿ ಕೂರಲು ಹೇಗೆ ಸಾಧ್ಯ?

‘ಹಾಗಾದರೆ ಗುಪ್ತರ ಎರಡನೇ ಚಂದ್ರಗುಪ್ತನೇ ಆ ವಿಕ್ರಮಾದಿತ್ಯ’ ಎಂದು ಕೆಲವರು ಒಂದೇ ಮಾತಿನಲ್ಲಿ ಮುಗಿಸುತ್ತಾರೆ. ಅವನು ನಾಣ್ಯಗಳ ಮೇಲೆ ವಿಕ್ರಮಾದಿತ್ಯ ಎಂಬ ಬಿರುದು ಕೆತ್ತಿಸಿದ್ದೂ ನಿಜ, ಪಶ್ಚಿಮದ ಶಕರನ್ನು ಗೆದ್ದದ್ದೂ ನಿಜ. ಕಥೆಯ ರಾಜನಿಗೆ ಅವನ ಚಹರೆ ಸ್ವಲ್ಪ ಬಂದಿರಬಹುದು. ಆದರೆ ಅವನು ಆಳಿದ್ದು ನಾಲ್ಕನೇ ಶತಮಾನದ ಕೊನೆ ಮತ್ತು ಐದನೆಯದರ ಆರಂಭದಲ್ಲಿ. ಶಕೆಗೆ ಅವನು ನಾಲ್ಕು ಶತಮಾನ ತಡವಾದ, ವರಾಹಮಿಹಿರನಿಗೆ ನೂರು ವರ್ಷ ಮೊದಲಾದ.

ಇನ್ನು ನಮ್ಮ ನೆಲಕ್ಕೆ ಬರೋಣ. ಇಲ್ಲಿ ಗೊಂದಲ ಹೆಚ್ಚು, ನನಗೆ ನೋವೂ ಹೆಚ್ಚು. ಬಾದಾಮಿ ಚಾಲುಕ್ಯರ ಇಬ್ಬರು ವಿಕ್ರಮಾದಿತ್ಯರೂ ಕಂಚಿಯ ಪಲ್ಲವರ ಜೊತೆ ಕಾದಾಡಿದ್ದರಿಂದ ಒಬ್ಬನ ಸಾಹಸವನ್ನು ಇನ್ನೊಬ್ಬನಿಗೆ ಕೊಟ್ಟುಬಿಡುತ್ತೇವೆ. ಮೊದಲನೆಯವನು ಇಮ್ಮಡಿ ಪುಲಕೇಶಿಯ ಮಗ. 642ರಲ್ಲಿ ಪಲ್ಲವ ನರಸಿಂಹವರ್ಮ ಬಾದಾಮಿಯನ್ನು ಹಿಡಿದ ಮೇಲೆ ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ರಾಜ್ಯ ಚೂರುಚೂರಾಗಿತ್ತು. ಅದನ್ನು ಮತ್ತೆ ಕೂಡಿಸಿ 655ರಲ್ಲಿ ಪಟ್ಟಕ್ಕೆ ಬಂದವನು ಇವನು. ಬದುಕಿಡೀ ಯುದ್ಧದಲ್ಲೇ ಕಳೆದ ಈತನ ಬಿರುದು ರಣರಸಿಕ.

ಇವನ ಮಗ ವಿನಯಾದಿತ್ಯ, ಮೊಮ್ಮಗ ವಿಜಯಾದಿತ್ಯ, ಮರಿಮಗ ಇಮ್ಮಡಿ ವಿಕ್ರಮಾದಿತ್ಯ. ಪಟ್ಟದಕಲ್ಲಿಗೆ ಸೇರಿದವನು ಈ ಮರಿಮಗ. 733ರಿಂದ ಸುಮಾರು ಹನ್ನೆರಡು ವರ್ಷ ಆಳಿದ. ಕಂಚಿಯನ್ನು ಗೆದ್ದು ಒಳಹೊಕ್ಕಾಗ, ಮುತ್ತಜ್ಜನ ಅಪ್ಪನ ಕಾಲದಲ್ಲಿ ಬಾದಾಮಿಗೆ ಆದದ್ದನ್ನು ಅವನು ಅಲ್ಲಿ ಮಾಡಲಿಲ್ಲ. ಕೈಲಾಸನಾಥ ಗುಡಿಯ ಸಂಪತ್ತನ್ನು ನೋಡಿ ಅದನ್ನು ದೇವರಿಗೇ ಬಿಟ್ಟುಕೊಟ್ಟ. ಹಾಗೆ ಬಿಟ್ಟುಕೊಟ್ಟದ್ದನ್ನು ಹೇಳುವ ಶಾಸನ ಆ ಗುಡಿಯ ಕಂಬದ ಮೇಲೆ ಇಂದಿಗೂ ಇದೆ, ಕನ್ನಡದಲ್ಲಿದೆ. ಕಂಚಿಗೆ ಹೋಗುವ ಕನ್ನಡಿಗರು ರೇಷ್ಮೆ ಸೀರೆಯ ಜೊತೆಗೆ ಆ ಕಂಬವನ್ನೂ ಹುಡುಕಿ ನೋಡಬೇಕು ಎಂಬುದು ನನ್ನ ಆಸೆ.

ಆ ಗೆಲುವಿನ ನೆನಪಿಗೆ ಪಟ್ಟದಕಲ್ಲಿನ ದೊಡ್ಡ ಗುಡಿಯನ್ನು ಕಟ್ಟಿಸಿದವಳು ಅವನ ರಾಣಿ ಲೋಕಮಹಾದೇವಿ. ಅದರ ಮೊದಲ ಹೆಸರು ಲೋಕೇಶ್ವರ. ಪಕ್ಕದ ಮಲ್ಲಿಕಾರ್ಜುನ ಗುಡಿ ಇನ್ನೊಬ್ಬ ರಾಣಿ ತ್ರೈಲೋಕ್ಯಮಹಾದೇವಿಯದು. ಲೋಕೇಶ್ವರದ ಕನ್ನಡ ಶಾಸನ ರಾಜನನ್ನು ಗುರುತಿಸುವುದು ‘ಮೂರು ಸಲ ಕಂಚಿಯನ್ನು ಸೋಲಿಸಿದವನು’ ಎಂದು. ‘ಎರಡನೇ’ ಎಂಬ ಮಾತು ಅಲ್ಲಿಲ್ಲ. ಒಂದು, ಎರಡು ಎಂಬ ಸಂಖ್ಯೆಗಳು ಇತಿಹಾಸಕಾರರು ತಮ್ಮ ಅನುಕೂಲಕ್ಕೆ ಹಾಕಿಕೊಂಡವು.

ಈ ಸಂಖ್ಯೆಗಳೇ ಇನ್ನೊಂದು ತಪ್ಪಿಗೆ ದಾರಿಯಾಗಿವೆ. ಆರನೇ ವಿಕ್ರಮಾದಿತ್ಯ ಎಂದೊಡನೆ ಅವನಿಗೆ ಮುಂಚೆ ಐವರು ಚಕ್ರವರ್ತಿಗಳು ಸಾಲಾಗಿ ಆಳಿದ್ದರು ಅಂದುಕೊಳ್ಳುತ್ತೇವೆ. ಆದರೆ 753ರ ಹೊತ್ತಿಗೆ ರಾಷ್ಟ್ರಕೂಟರು ಬಾದಾಮಿಯವರ ಆಳ್ವಿಕೆ ಮುರಿದರು. 973ರಲ್ಲಿ ಇಮ್ಮಡಿ ತೈಲಪ ಚಾಲುಕ್ಯರನ್ನು ಮತ್ತೆ ಎತ್ತಿ ನಿಲ್ಲಿಸುವವರೆಗೆ ಇನ್ನೂರಿಪ್ಪತ್ತು ವರ್ಷ ಸಿಂಹಾಸನವೇ ಇರಲಿಲ್ಲ. ಮೂರನೆಯವನೂ ನಾಲ್ಕನೆಯವನೂ ಆ ನಡುವಿನ ಕಾಲದವರು. ತೈಲಪನ ವಂಶವಾದ ಕಲ್ಯಾಣದ ಚಾಲುಕ್ಯರ ವಂಶಾವಳಿಯಲ್ಲಿ ಬರುವುದರಿಂದ ಎಣಿಕೆಗೆ ಸಿಕ್ಕಿದ್ದಾರೆ. ನಾಲ್ಕನೆಯವನು ತೈಲಪನ ತಂದೆ. ಐದನೆಯವನು ಹನ್ನೊಂದನೇ ಶತಮಾನದ ಆರಂಭದಲ್ಲಿ ಕೆಲವೇ ವರ್ಷ ಆಳಿದ. ವೇಂಗಿಯ ಚಾಲುಕ್ಯರಲ್ಲೂ ಈ ಹೆಸರಿನವರಿದ್ದಾರೆ, ಅವರ ಎಣಿಕೆ ಬೇರೆ.

ಆರನೆಯವನದು ಮಾತ್ರ ಐವತ್ತು ವರ್ಷದ ತುಂಬು ಆಳ್ವಿಕೆ, 1076ರಿಂದ 1126. ಕಾಶ್ಮೀರದ ಬಿಲ್ಹಣ ಬಂದು ಇವನ ಚರಿತೆಯನ್ನು ಕಾವ್ಯವಾಗಿಸಿದ. ವಿಜ್ಞಾನೇಶ್ವರ ಮಿತಾಕ್ಷರ ಬರೆದದ್ದು ಇವನ ಕಾಲದಲ್ಲಿ. ಇಟಗಿಯ ಮಹಾದೇವ ದೇವಾಲಯ ಕಟ್ಟಿಸಿದ್ದು ಇವನ ದಂಡನಾಯಕ ಮಹಾದೇವ.

ಇವನೂ ಒಂದು ಶಕೆ ಆರಂಭಿಸಿದ! ಪಟ್ಟಕ್ಕೆ ಬಂದ ವರ್ಷದಿಂದ ಎಣಿಸುವ ಅದು ಚಾಲುಕ್ಯ ವಿಕ್ರಮ ವರ್ಷ. ಉತ್ತರದ ವಿಕ್ರಮ ಶಕೆಗೂ ಇದಕ್ಕೂ ಸುಮಾರು ಸಾವಿರದ ನೂರಮೂವತ್ತು ವರ್ಷಗಳ ಅಂತರ. ನಿಮ್ಮೂರ ಗುಡಿಯ ಮುಂದೆ ಬಿದ್ದ ಶಾಸನದಲ್ಲಿ ಚಾಲುಕ್ಯ ವಿಕ್ರಮ ವರ್ಷದ 37 ಎಂದಿದ್ದರೆ ಅದಕ್ಕೆ 1075 ಕೂಡಿಸಿ. ಇಟಗಿಯ ಗುಡಿ ಎದ್ದ 1112 ಸಿಗುತ್ತದೆ. ‘ಚಾಲುಕ್ಯ’ ಎಂಬ ಪದ ಕಣ್ತಪ್ಪಿದರೆ ಅದೇ ಕಲ್ಲು ಕ್ರಿಸ್ತನಿಗಿಂತ ಹಿಂದಕ್ಕೆ ಹೋಗಿಬಿಡುತ್ತದೆ.