ವಿದ್ಯಾಪೀಠದ ಯಂತ್ರಗಳಿಗೆ ಹೊಣೆಗಾರರಾರು?

ಯಂತ್ರವನ್ನು ಕೊಳ್ಳುವದು ಹಣದ ಕೆಲಸ. ಅದನ್ನು ನಡೆಯಿಸಿಕೊಂಡು ಹೋಗುವದು ಬುದ್ಧಿಯ ಕೆಲಸ. ಈ ಎರಡರ ಅಂತರವನ್ನರಿಯದ ಸಂಸ್ಥೆಯು ಎಷ್ಟು ಹಣವನ್ನು ಸುರಿದರೂ ಫಲವನ್ನು ಕಾಣಲಾರದು. ಇಂದು ವಿದ್ಯಾಪೀಠಗಳ ಉಪನ್ಯಾಸ ಮಂದಿರಗಳಿಗೆ ಮೈಕು, ಧ್ವನಿವರ್ಧಕ, ಪ್ರೊಜೆಕ್ಟರು, ಕ್ಯಾಮೆರಾ ಮೊದಲಾದ ದೃಕ್-ಶ್ರವಣ ಸಾಧನಗಳು ಬಂದಿವೆ; ಇನ್ನೂ ಬರಲಿವೆ. ತರಿಸುವವರು ಒಬ್ಬರು, ಕೂಡಿಸುವವರು ಇನ್ನೊಬ್ಬರು, ಬಳಸುವವರು ಮತ್ತೊಬ್ಬರು, ಕೆಟ್ಟಾಗ ಕೇಳುವವರು ಮಾತ್ರ ಯಾರೂ ಇಲ್ಲ ಎಂಬ ದುಃಸ್ಥಿತಿಯು ಒದಗಬಾರದು. ಈ ಎಲ್ಲರನ್ನೂ ಒಂದುಗೂಡಿಸುವ ಹೊಣೆಯುಳ್ಳ ಒಬ್ಬ ಅಧಿಕಾರಿಯು ಪ್ರತಿಯೊಂದು ವಿದ್ಯಾಪೀಠದಲ್ಲಿಯೂ ಇರಲೇಬೇಕೆಂಬದು ನಮ್ಮ ಅಭಿಪ್ರಾಯವಾಗಿರುತ್ತದೆ.

ಅವಳಿ ನಗರದ ನಮಗೆ ಇದು ದೂರದ ಪ್ರಶ್ನೆಯಲ್ಲ. 1949ರಲ್ಲಿ ಹುಟ್ಟಿ ಮುಂಬಯಿಯಿಂದ ಧಾರವಾಡಕ್ಕೆ ಬಂದ ಕರ್ನಾಟಕ ವಿಶ್ವವಿದ್ಯಾಲಯ, 1986ರ ಕೃಷಿ ವಿಶ್ವವಿದ್ಯಾಲಯ, 2009ರಲ್ಲಿ ಹುಬ್ಬಳ್ಳಿಯ ನವನಗರದಲ್ಲಿ ಸ್ಥಾಪಿತವಾದ ಕಾನೂನು ವಿಶ್ವವಿದ್ಯಾಲಯ, 2016ರಲ್ಲಿ ಪಾಠ ಆರಂಭಿಸಿ 2023ರಲ್ಲಿ ಸ್ವಂತ ಆವರಣದ ಉದ್ಘಾಟನೆಯನ್ನು ಕಂಡ ಐಐಟಿ, ಇವೆಲ್ಲವೂ ಕೆಲವೇ ಮೈಲುಗಳ ಪರಿಸರದಲ್ಲಿರುತ್ತವೆ. ಇವುಗಳಲ್ಲಿ ಯಾವದೊಂದನ್ನೂ ಹೆಸರಿಸಿ ದೂರುವದು ನಮ್ಮ ಉದ್ದೇಶವಲ್ಲ. ಆದರೆ ಇವೆಲ್ಲಕ್ಕೂ ಪಾಠವಾಗತಕ್ಕ ಒಂದು ಸ್ಥಳವು ಇದೇ ಪರಿಸರದಲ್ಲಿದೆ; ಅದುವೇ ತಾರಿಹಾಳದ ಕೈಗಾರಿಕಾ ಪ್ರದೇಶವು.

ಕಾರಖಾನೆಯ ಯಜಮಾನನು ಒಂದು ಲೇಥ್ ಯಂತ್ರವನ್ನು ತರಿಸುವ ಮುಂಚೆಯೇ ಅದರ ಅಡಿಪಾಯವನ್ನು ಹಾಕಿಸುತ್ತಾನೆ. ವಿದ್ಯುತ್ತಿನ ಮೂರು ಫೇಜಿನ ತಂತಿ ಎಲ್ಲಿಂದ ಬರಬೇಕು, ಅರ್ಥಿಂಗ್ ಎಲ್ಲಿ, ಬೆಳಕು ಎತ್ತಲಿಂದ, ನಡೆಯಿಸುವ ಕೆಲಸಗಾರನು ಯಾರು, ಎಣ್ಣೆ ಹಾಕುವವನು ಯಾರು ಎಂಬದೆಲ್ಲ ಮೊದಲೇ ನಿಶ್ಚಯವಾಗುತ್ತದೆ. ಯಂತ್ರವು ಒಂದು ದಿನ ನಿಂತರೆ ಆ ದಿನದ ನಷ್ಟವು ಅಂದಿನ ಲೆಕ್ಕದಲ್ಲಿಯೇ ಕಾಣುವದರಿಂದ ಅಲ್ಲಿ ಅಲಕ್ಷ್ಯಕ್ಕೆ ಆಸ್ಪದವಿಲ್ಲ. ವಿದ್ಯಾಪೀಠದಲ್ಲಿ ಧ್ವನಿವರ್ಧಕವು ಒಂದು ತಿಂಗಳು ಮೂಕವಾದರೂ ಯಾವ ಲೆಕ್ಕದ ಪುಸ್ತಕದಲ್ಲಿಯೂ ಕೊರತೆ ಬೀಳುವದಿಲ್ಲ. ಕೊರತೆಯು ಹಿಂದಿನ ಬೆಂಚಿನ ವಿದ್ಯಾರ್ಥಿಯ ತಲೆಯಲ್ಲಿ ಬೀಳುತ್ತದೆ. ಅದನ್ನು ಅಳೆಯುವವರಿಲ್ಲ.

ಉಪನ್ಯಾಸ ಮಂದಿರವು ಬರಿಯ ಕಟ್ಟಡವಲ್ಲ, ಅದೂ ಒಂದು ಯಂತ್ರವೇ ಎಂಬದನ್ನು ಲೋಕಕ್ಕೆ ತೋರಿಸಿದವರು ಅಮೇರಿಕೆಯ ಹಾರ್ವರ್ಡ್ ವಿದ್ಯಾಪೀಠದ ವಾಲೇಸ್ ಸಾಬೈನ್ ಎಂಬ ತರುಣ ಅಧ್ಯಾಪಕರು. 1895ರಲ್ಲಿ ಅಲ್ಲಿ ಹೊಸದಾಗಿ ಕಟ್ಟಿದ ಫಾಗ್ ಮ್ಯೂಸಿಯಮ್ಮಿನ ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಯಾರಿಗೂ ತಿಳಿಯುತ್ತಿರಲಿಲ್ಲ. ಬರಿದಾದ ಮಂದಿರದಲ್ಲಿ ಒಂದು ಶಬ್ದವು ಸುಮಾರು ಐದೂವರೆ ಸೆಕೆಂಡುಗಳ ವರೆಗೆ ಗುಂಯ್‌ಗುಡುತ್ತಿತ್ತು; ಅಷ್ಟರಲ್ಲಿ ವಕ್ತೃವು ಹತ್ತಾರು ಶಬ್ದಗಳನ್ನು ಆಡಿ ಮುಗಿಸಿರುತ್ತಿದ್ದನು. ಸಾಬೈನರು ನೆರೆಯ ನಾಟಕಗೃಹದ ಮೆತ್ತೆಗಳನ್ನು ರಾತ್ರಿ ಹೊತ್ತು ತರಿಸಿ, ಮಂದಿರದಲ್ಲಿ ಹರವಿ, ಪ್ರತಿಧ್ವನಿಯು ಎಷ್ಟೆಷ್ಟು ಕಡಿಮೆಯಾಗುವದೆಂಬದನ್ನು ಅಳೆದು ನಿಯಮವನ್ನು ಕಂಡುಹಿಡಿದರು. 1900ರಲ್ಲಿ ತೆರೆದ ಬಾಸ್ಟನ್ನಿನ ಸಂಗೀತ ಮಂದಿರಕ್ಕೆ ಅವರ ಸಲಹೆಯನ್ನು ಕಟ್ಟುವ ಮೊದಲೇ ಪಡೆಯಲಾಯಿತು. ಅದು ಜಗತ್ತಿನ ಅತ್ಯುತ್ತಮ ಸಂಗೀತ ಮಂದಿರಗಳಲ್ಲಿ ಒಂದೆಂಬ ಕೀರ್ತಿಯನ್ನು ಇಂದಿಗೂ ಉಳಿಸಿಕೊಂಡಿದೆ. ಕಟ್ಟಿದ ಮೇಲೆ ಮೆತ್ತೆ ಹೊರುವದಕ್ಕೂ ಕಟ್ಟುವ ಮೊದಲೇ ವಿಚಾರಿಸುವದಕ್ಕೂ ಇರುವ ಭೇದವು ಇದೇ. ತಂಬೂರಿಯ ಶ್ರುತಿ ಕೂಡದೆ ಹಾಡಲಿಕ್ಕೆ ಕೂಡ್ರದ ಗಾಯಕರ ಈ ನಾಡಿಗೆ ಇಷ್ಟನ್ನು ಬಿಡಿಸಿ ಹೇಳಬೇಕೆ?

ಪರದೇಶದ ಮಾತೇಕೆ, ನಮ್ಮ ಕನ್ನಡ ಜಿಲ್ಲೆಗಳಲ್ಲಿಯೇ ಇದಕ್ಕಿಂತ ದೊಡ್ಡ ನಿದರ್ಶನವಿದೆ. 1975ರ ಆಗಸ್ಟ 1ರಿಂದ 1976ರ ಜುಲೈ 31ರ ವರೆಗೆ ಅಮೇರಿಕೆಯ ಎಟಿಎಸ್-6 ಉಪಗ್ರಹದ ಮೂಲಕ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಶಿಕ್ಷಣದ ದೂರದರ್ಶನ ಕಾರ್ಯಕ್ರಮಗಳು ತಲುಪಿದವು. ಆ ಹಳ್ಳಿಗಳಲ್ಲಿ ವಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಆಗ ಕಾರ್ಯಕ್ರಮಗಳ ಮುಖ್ಯ ಭಾರವನ್ನು ಆಕಾಶವಾಣಿಯು ಹೊತ್ತಿತು. ಸೆಟ್ಟುಗಳನ್ನು ಕೂಡಿಸಿ ದುರಸ್ತಿಯಲ್ಲಿಡುವ ಭಾರವನ್ನು ಇಸ್ರೋ ಸಂಸ್ಥೆಯು ಹೊತ್ತಿತು. ಯಾರ ಕೆಲಸವು ಯಾವದೆಂಬದು ಗೊತ್ತಿದ್ದುದರಿಂದಲೇ ಹಳ್ಳಿಯ ಶಾಲೆಯ ಅಂಗಳದಲ್ಲಿ ಚಿತ್ರವೂ ಮಾತೂ ಕೂಡಿಯೇ ಬಂದವು. ಆದರೆ ಒಂದು ವರ್ಷದ ಅವಧಿಯು ತೀರಿದ ಕೂಡಲೆ ಎರವಲು ಉಪಗ್ರಹವು ಹಿಂದಕ್ಕೆ ಹೋಯಿತು. ಮುಂದೆ 2004ರ ಸಪ್ಟೆಂಬರ 20ರಂದು ನಮ್ಮದೇ ಆದ ಎಜುಸ್ಯಾಟ್ ಉಪಗ್ರಹವು ಹಾರಿತು. ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯವು ಅದರ ಪ್ರಯೋಗಕ್ಕೆ ಆಯ್ದ ಮೊದಲ ವಿದ್ಯಾಪೀಠಗಳಲ್ಲಿ ಒಂದಾಗಿತ್ತು. 2010ರಲ್ಲಿ ಆ ಉಪಗ್ರಹದ ಆಯುಷ್ಯವೂ ಮುಗಿಯಿತು. ಉಪಗ್ರಹಗಳು ಬರುತ್ತವೆ, ಹೋಗುತ್ತವೆ, ಯಂತ್ರಗಳು ಹಳೆಯವಾಗುತ್ತವೆ. ಉಳಿಯತಕ್ಕದ್ದು ಅವುಗಳನ್ನು ನಡೆಯಿಸಬಲ್ಲ ಜನರ ಅಭ್ಯಾಸ ಮತ್ತು ವ್ಯವಸ್ಥೆ.

ಹಾಗಾದರೆ ನಾವು ಹೇಳುವ ಸಮನ್ವಯಾಧಿಕಾರಿಯು ಮಾಡತಕ್ಕದ್ದೇನು? ಮೊದಲನೆಯದಾಗಿ, ಕಟ್ಟಡದ ನಕ್ಷೆಯು ಸಿದ್ಧವಾಗುವಾಗಲೇ ಅವನು ಶಿಲ್ಪಿಯ ಬದಿಯಲ್ಲಿ ಕೂಡ್ರಬೇಕು. ಪರದೆಯ ಎತ್ತರದ ಆರು ಪಟ್ಟಿಗಿಂತ ಹೆಚ್ಚು ದೂರದಲ್ಲಿ ಕೂತವನಿಗೆ ಅಕ್ಷರ ಓದುವದು ಕಷ್ಟವೆಂಬ ರೂಢಿಯ ನಿಯಮವನ್ನು ಬೆಂಚುಗಳನ್ನು ಹಾಕಿದ ಮೇಲೆ ನೆನೆದು ಪ್ರಯೋಜನವೇನು? ಧ್ವನಿಯ ತಂತಿಯನ್ನು ವಿದ್ಯುತ್ತಿನ ತಂತಿಯ ಜೊತೆಗೇ ಎಳೆದರೆ ಗುಂಯ್ ಎಂಬ ಸದ್ದು ಬೆನ್ನು ಹತ್ತುತ್ತದೆ. ಅದಕ್ಕೆ ಬೇರೆ ಕೊಳವೆಯನ್ನು ನೆಲ ಹಾಸುವ ಮೊದಲೇ ಹುಗಿಯಬೇಕು. ಎರಡನೆಯದಾಗಿ, ಟೆಂಡರಿನ ವಿವರಣೆಯನ್ನು ಅವನು ಅಧ್ಯಾಪಕರನ್ನು ಕೇಳಿ ಬರೆಯಬೇಕು. 1999ರ ಪಾರದರ್ಶಕತೆಯ ಅಧಿನಿಯಮವು ಖರೀದಿಯು ನ್ಯಾಯವಾಗಿ ನಡೆಯುವಂತೆ ಕಾಯುತ್ತದೆ. ಆದರೆ ತಪ್ಪು ವಸ್ತುವನ್ನು ನ್ಯಾಯವಾದ ಬೆಲೆಗೆ ಕೊಂಡರೆ ಯಾವ ಅಧಿನಿಯಮವು ತಾನೇ ಕಾಪಾಡೀತು? ಮೂರನೆಯದಾಗಿ, ಗುತ್ತಿಗೆದಾರನ ಬಿಲ್ಲಿಗೆ ಸಹಿ ಬೀಳುವ ಮುಂಚೆ ತುಂಬಿದ ಮಂದಿರದಲ್ಲಿ, ಕೊನೆಯ ಬೆಂಚಿನಲ್ಲಿ ಕೂತು, ಒಂದು ಪೂರ್ತಿ ಪಾಠವನ್ನು ಕೇಳಿ ನೋಡಬೇಕು. ನಾಲ್ಕನೆಯದಾಗಿ, ದುರಸ್ತಿಗೆ ಪ್ರತಿವರ್ಷವೂ ಹಣವನ್ನು ತೆಗೆದಿಡಿಸಬೇಕು. ಕೆಟ್ಟ ದಿನ, ನೆಟ್ಟಗಾದ ದಿನ ಎರಡನ್ನೂ ದಾಖಲಿಸಬೇಕು.

ಇಷ್ಟಕ್ಕೆಲ್ಲ ಇನ್ನೊಂದು ಹುದ್ದೆ ಏಕೆ, ಇಂಜಿನಿಯರರಿದ್ದಾರೆ, ಕಂಪ್ಯೂಟರ ವಿಭಾಗವಿದೆ, ಕುಲಸಚಿವರ ಕಚೇರಿಯಿದೆ ಎಂದು ಕೆಲವರು ಕೇಳಬಹುದು. ಇದ್ದಾರೆ ನಿಜ, ಆದರೆ ಒಬ್ಬರಿಗೆ ಗೋಡೆ ಗೊತ್ತು, ಇನ್ನೊಬ್ಬರಿಗೆ ಜಾಲ ಗೊತ್ತು, ಮತ್ತೊಬ್ಬರಿಗೆ ಕಡತ ಗೊತ್ತು. ಎಲ್ಲರೂ ಪಲ್ಲಕ್ಕಿಯಲ್ಲಿ ಕೂತರೆ ಹೊರುವವರಾರೆಂಬ ಗಾದೆಯು ಇಲ್ಲಿ ಸಲ್ಲುತ್ತದೆ. ಹುದ್ದೆಯು ಹೊಸದಾಗಿರಲೇಬೇಕೆಂಬ ಹಟ ನಮಗಿಲ್ಲ. ಇದ್ದವರಲ್ಲಿಯೇ ಸಮರ್ಥನೊಬ್ಬನನ್ನು ಆರಿಸಿ, ಅವನಿಗೆ ಅಧಿಕಾರವನ್ನೂ ಸಮಯವನ್ನೂ ಕೊಟ್ಟರೆ ಸಾಕು. ಲಕ್ಷಾಂತರ ರೂಪಾಯಿಗಳ ಯಂತ್ರಗಳನ್ನು ತಂದು ಇಷ್ಟಕ್ಕೆ ಹಿಂದೆಗೆಯುವದು ಆನೆಯನ್ನು ಕೊಂಡು ಅಂಕುಶಕ್ಕೆ ಜಿಪುಣತನ ಮಾಡಿದಂತೆ.

ಇದರಲ್ಲಿ ನಿಜವಾಗಿ ಪಣಕ್ಕೆ ಬಿದ್ದವರು ಯಾರೆಂಬದನ್ನು ಅಧಿಕಾರಿಗಳು ಯೋಚಿಸಬೇಕು. ಇಂಗ್ಲಿಷ ಬಲ್ಲ, ಮನೆಯಲ್ಲಿ ಗಣಕಯಂತ್ರವುಳ್ಳ ವಿದ್ಯಾರ್ಥಿಯು ಪಾಠ ಕೇಳಿಸದಿದ್ದರೆ ಬೇರೆಡೆಯಲ್ಲಿ ಹುಡುಕಿಕೊಂಡಾನು. ಹಳ್ಳಿಯ ಕನ್ನಡ ಶಾಲೆಯಲ್ಲಿ ಓದಿ ಬಂದವನಿಗೆ, ಅಥವಾ ತಾರಿಹಾಳದ ಕಾರಖಾನೆಯಲ್ಲಿ ದುಡಿಯುವ ತಂದೆಯ ಮಗಳಿಗೆ, ಅಧ್ಯಾಪಕರ ಆ ಒಂದು ತಾಸಿನ ಮಾತೇ ಸರ್ವಸ್ವ. ಅನ್ಯ ಭಾಷೆಯ ಪಾಠದಲ್ಲಿ ಅರ್ಧ ಶಬ್ದವು ಗೋಡೆಗೆ ಬಡಿದು ಮುರಿದರೆ ಉಳಿದರ್ಧದಿಂದ ಅರ್ಥವನ್ನು ಊಹಿಸುವ ಶಕ್ತಿಯು ಅವರಿಗೆ ಇನ್ನೂ ಬಂದಿರುವದಿಲ್ಲ. ಕನ್ನಡದಲ್ಲಿ ವಿವರಿಸಿದ ಪಾಠಗಳನ್ನು ಶುದ್ಧವಾಗಿ ಧ್ವನಿಮುದ್ರಿಸಿ ಮತ್ತೆ ಮತ್ತೆ ಕೇಳುವ ಅನುಕೂಲವನ್ನು ಮಾಡಿಕೊಟ್ಟರೆ ಅವರಿಗೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಅದೂ ಈ ಸಮನ್ವಯದ ಕೆಲಸದೊಳಗಿನದೇ.

ಆದ್ದರಿಂದ ನಮ್ಮ ವಿದ್ಯಾಪೀಠಗಳ ಕುಲಪತಿಗಳಿಗೂ ಸಿಂಡಿಕೇಟಿನ ಸದಸ್ಯರಿಗೂ ನಮ್ಮ ವಿನಂತಿಯಿಷ್ಟೆ: ಮುಂದಿನ ಆಯವ್ಯಯ ಪತ್ರಕದಲ್ಲಿ ಹೊಸ ಯಂತ್ರಗಳ ಹೆಸರಿನ ಎದುರಿಗೆ ಬೆಲೆಯನ್ನು ಬರೆಯುವಾಗ, ಅದರ ಪಕ್ಕದಲ್ಲಿಯೇ ಹೊಣೆಗಾರನ ಹೆಸರನ್ನೂ ಬರೆಯಿರಿ. ಹೆಸರಿಲ್ಲದ ಯಂತ್ರವನ್ನು ಕೊಳ್ಳಬೇಡಿರಿ.