ನಲಿ-ಕಲಿ ಕೋಣೆಯಲ್ಲಿ ಪಾಠವೇ ನಡೆಯುವುದಿಲ್ಲವೇ?

"ನೆಲದ ಮೇಲೆ ಕೂತು ಕಡ್ಡಿ, ಬೀಜ ಇಟ್ಕೊಂಡು ಆಡ್ತಿರ್ತಾರೆ. ಮೇಷ್ಟ್ರು ಪಾಠನೇ ಮಾಡಲ್ಲ." ಸರ್ಕಾರಿ ಶಾಲೆಯ ಒಂದನೇ, ಎರಡನೇ ತರಗತಿಗಳ ಬಗ್ಗೆ ಪೋಷಕರು ಆಡುವ ಈ ಮಾತಿಗೆ ಕಾರಣವಿದೆ. ನಾವೆಲ್ಲ ಕರಿಹಲಗೆಯ ಮುಂದೆ ಸಾಲಾಗಿ ಕೂತು ಕಲಿತವರು. ಸದ್ದಿಲ್ಲದ ಕೋಣೆಯೇ ಪಾಠ ನಡೆಯುವ ಕೋಣೆ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ.

ಆದರೆ ನಲಿ-ಕಲಿ ಕೋಣೆಯ ಗದ್ದಲಕ್ಕೂ ಒಂದು ಕ್ರಮವಿದೆ. ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು, ಯುನಿಸೆಫ್ ನೆರವಿನಿಂದ 1995ರಲ್ಲಿ ನಲಿ-ಕಲಿ ಎಂಬ ಈ ಚಟುವಟಿಕೆಯ ಕಲಿಕಾ ಪದ್ಧತಿಯನ್ನು ಶುರುಮಾಡಿದರು. 2009-10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹಬ್ಬಿತು. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಪ್ರತಿ ಮಗುವೂ ತಾನಿರುವ ಮೆಟ್ಟಿಲನ್ನು ಗುರುತಿಸಿ ಅದಕ್ಕೆ ಸೇರಿದ ಕಾರ್ಡು ತೆಗೆದುಕೊಳ್ಳುತ್ತದೆ. ಹೊಸದನ್ನು ಕಲಿಯುವ ಮಗು ಶಿಕ್ಷಕರ ಪೂರ್ಣ ಸಹಾಯದ ಗುಂಪಿನಲ್ಲಿ ಕೂರುತ್ತದೆ. ಅಭ್ಯಾಸ ಮಾಡುವ ಮಗು ಜೊತೆಯ ಮಕ್ಕಳ ಸಹಾಯ ಪಡೆಯುತ್ತದೆ. ಚೆನ್ನಾಗಿ ಬಂದವರು ತಾವೇ ಮಾಡಿಕೊಳ್ಳುತ್ತಾರೆ. ಒಂದೇ ಹೊತ್ತಿಗೆ ಐದು ಗುಂಪುಗಳು ಕೆಲಸದಲ್ಲಿ ತೊಡಗಿರುವುದರಿಂದ, ಬಾಗಿಲಲ್ಲಿ ನಿಂತವರಿಗೆ ಸಂತೆಯಂತೆ ಕಾಣಬಹುದು.

"ಒಂದನೇ ಕ್ಲಾಸಾದರೂ ಅ, ಆ, ಇ, ಈ ಬರಲ್ಲ" ಎಂಬ ಆತಂಕವೂ ಇಂಥದ್ದೇ. ನಲಿ-ಕಲಿಯಲ್ಲಿ ಅಕ್ಷರಗಳು ವರ್ಣಮಾಲೆಯ ಕ್ರಮದಲ್ಲಿ ಬರುವುದಿಲ್ಲ. ಮೊದಲಿಗೆ ಬರುವುದು ರ, ಗ, ಸ, ದ, ಅ. ಈ ಐದು ಅಕ್ಷರಗಳ ಕಾರ್ಡುಗಳನ್ನು ಜೋಡಿಸಿದರೆ ಸರ, ದರ, ಅರಸ, ಅಗಸ, ಗರಗಸ ಆಗುತ್ತವೆ. ವರ್ಣಮಾಲೆಯನ್ನು ಪೂರ್ತಿ ಒಪ್ಪಿಸಬಲ್ಲ ಮಗುವಿಗೆ ಒಂದು ಪದವನ್ನೂ ಓದಲು ಬಾರದಿರಬಹುದು. ಇಲ್ಲಿ ಐದೇ ಅಕ್ಷರ ಕಲಿತ ಮಗು ಓದಲು ತೊಡಗಿರುತ್ತದೆ.

ಲೆಕ್ಕದಲ್ಲಿ ಈ ಕೈಕೆಲಸದ ಬೆಲೆ ಇನ್ನೂ ಚೆನ್ನಾಗಿ ಕಾಣುತ್ತದೆ. ನೂರರವರೆಗೆ ತಪ್ಪಿಲ್ಲದೆ ಮಗ್ಗಿಯಂತೆ ಹೇಳುವ ಮಗುವಿಗೆ 'ನೂರ ಐದು' ಬರೆಯಲು ಹೇಳಿ ನೋಡಿ. ಎಷ್ಟೋ ಮಕ್ಕಳು 1005 ಎಂದು ಬರೆಯುತ್ತಾರೆ. ಕಿವಿಗೆ ನೂರೂ ಐದೂ ಬೇರೆ ಬೇರೆಯಾಗಿ ಕೇಳುತ್ತವೆ, ಮಗು ಹಾಗೇ ಬರೆದಿದೆ. ಅಂಕಿಯ ಬೆಲೆ ಅದು ಕೂತ ಜಾಗದ ಮೇಲಿದೆ ಎಂಬ ಸೂಕ್ಷ್ಮ ಬಾಯಿಪಾಠದಿಂದ ಬರುವುದಿಲ್ಲ. ಹತ್ತು ಕಡ್ಡಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಿ ಕಟ್ಟು ಮಾಡುತ್ತಾ ಹೋದರೆ ಬಿಡಿ ಯಾವುದು, ಹತ್ತು ಯಾವುದು ಎಂಬುದು ಕೈಗೇ ತಿಳಿಯುತ್ತದೆ. 32ರಲ್ಲಿ 17 ಕಳೆಯಬೇಕು ಎನ್ನಿ. ಮಗುವಿನ ಮುಂದೆ ಮೂರು ಕಟ್ಟು, ಎರಡು ಬಿಡಿ ಕಡ್ಡಿ ಇವೆ. ಎರಡರಲ್ಲಿ ಏಳು ತೆಗೆಯಲಾಗದು. ಒಂದು ಕಟ್ಟು ಬಿಚ್ಚಿದರೆ ಬಿಡಿ ಹನ್ನೆರಡಾಗುತ್ತವೆ; ಏಳು ತೆಗೆದರೆ ಐದು. ಉಳಿದ ಎರಡು ಕಟ್ಟಿನಲ್ಲಿ ಒಂದನ್ನು ತೆಗೆದರೆ ಒಂದು. ಉತ್ತರ 15. "ಪಕ್ಕದ ಮನೆಯಿಂದ ಸಾಲ ತಾ" ಎಂದು ನಮಗೆ ಹೇಳಿಕೊಟ್ಟಿದ್ದರ ಅರ್ಥ ಆ ಬಿಚ್ಚಿದ ಕಟ್ಟಿನಲ್ಲಿದೆ. ಸಾಲವೂ ಇಲ್ಲ, ಪಕ್ಕದ ಮನೆಯೂ ಇಲ್ಲ: ಇದ್ದ ಹತ್ತನ್ನೇ ಒಡೆದಿದ್ದೇವೆ.

ಹಾಗೆಂದು, ಸಾಮಗ್ರಿ ಕೈಗಿಟ್ಟರೆ ಸಾಕು, ಮಗು ತಾನೇ ಕಲಿಯುತ್ತದೆ ಎನ್ನುವುದು ತಪ್ಪು. ಚಟುವಟಿಕೆಯನ್ನು ಮೆಚ್ಚುವವರೇ ಹೆಚ್ಚಾಗಿ ನಂಬುವ ಈ ಮಾತು ನನಗೆ ಪೋಷಕರ ದೂರಿಗಿಂತ ಹೆಚ್ಚು ಅಪಾಯಕಾರಿ ಎನಿಸುತ್ತದೆ. ಗಣಿತದ ಸಾಮಗ್ರಿಗಳ ಕುರಿತ 55 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2013ರ ಒಂದು ವಿಶ್ಲೇಷಣೆಯಲ್ಲಿ, ಸಾಮಗ್ರಿಯಿಂದ ಲಾಭವಿದೆ, ಆದರೆ ಎಷ್ಟು ಲಾಭ ಎಂಬುದು ಶಿಕ್ಷಕರ ಮಾರ್ಗದರ್ಶನವನ್ನು ಅವಲಂಬಿಸಿದೆ ಎಂದು ಕಂಡುಬಂತು. ಕಟ್ಟು ಬಿಚ್ಚಿದಾಗ "ಈಗ ಸ್ಲೇಟಿನಲ್ಲಿ ಇದನ್ನು ಹೇಗೆ ಬರೀತೀಯ?" ಎಂದು ಕೇಳುವವರು ಬೇಕು. ಕೇಳದೇ ಹೋದರೆ ಕಡ್ಡಿ ಕಡ್ಡಿಯಾಗಿಯೇ ಉಳಿಯುತ್ತದೆ, ಲೆಕ್ಕ ಲೆಕ್ಕವಾಗಿಯೇ ಉಳಿಯುತ್ತದೆ, ಮಗುವಿನ ತಲೆಯಲ್ಲಿ ಎರಡೂ ಸೇರುವುದಿಲ್ಲ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿ ನೋಡಿಕೊಳ್ಳುವ ಕಡೆ ಆ ಪ್ರಶ್ನೆ ಕೇಳಲು ಪುರುಸೊತ್ತೇ ಇರುವುದಿಲ್ಲ. ಅಂಥ ಶಾಲೆಯ ಬಗ್ಗೆ ಪೋಷಕರು ದೂರಿದರೆ ಅದನ್ನು ಅಜ್ಞಾನ ಎಂದು ತಳ್ಳಿಹಾಕುವುದು ಅನ್ಯಾಯ. ಅಲ್ಲಿ ಕೊರತೆಯಿರುವುದು ಶಿಕ್ಷಕರದ್ದು.

ಬೆರಳೆಣಿಸುವ ಮಗುವಿನ ಕೈಗೆ ಏಟು ಕೊಡುವ ಅಭ್ಯಾಸ ಇನ್ನೂ ಕೆಲವೆಡೆ ಇದೆ. ಆರೇಳು ವರ್ಷದವರಿಗೆ ಬೆರಳು ಸಹಜವಾದ ಸಾಧನ. ಲೆಕ್ಕ ಮನಸ್ಸಿನಲ್ಲೇ ಓಡತೊಡಗಿದ ಮೇಲೆ ಹೆಚ್ಚಿನ ಮಕ್ಕಳು ಅದನ್ನು ತಾವಾಗಿ ಬಿಡುತ್ತಾರೆ. ಕಡ್ಡಿಯ ಕಟ್ಟನ್ನೂ ಹೀಗೇ ಹಂತಹಂತವಾಗಿ ಬಿಡಿಸಬೇಕು. ಮೊದಲು ಕಡ್ಡಿ, ಆಮೇಲೆ ಕಡ್ಡಿಯ ಚಿತ್ರ, ಕೊನೆಗೆ ಬರೀ ಅಂಕಿ.

ಕೆಲವು ಮಕ್ಕಳು "ಮಾಡಿ ಕಲಿಯುವವರು", ಉಳಿದವರು "ಕೇಳಿ ಕಲಿಯುವವರು" ಎಂಬ ವಿಂಗಡಣೆಗೆ ತರಬೇತಿಗಳಲ್ಲಿ ತುಂಬ ಬಳಕೆಯಿದೆ. ಹೀಗೆ ಬೇರ್ಪಡಿಸಿ ಕಲಿಸಿದರೆ ಲಾಭ ಎನ್ನಲು ಸಾಕಷ್ಟು ಆಧಾರವಿಲ್ಲ ಎಂದು ಮನೋವಿಜ್ಞಾನಿಗಳ ಒಂದು ತಂಡ 2008ರಲ್ಲೇ ತೋರಿಸಿದೆ. ಕಡ್ಡಿಯ ಕಟ್ಟು ಎಲ್ಲ ಮಕ್ಕಳಿಗೂ ಬೇಕು, ಚುರುಕಾದವರಿಗೂ.

ಬಣ್ಣಬಣ್ಣದ ಕಿಟ್ ಇಲ್ಲದೆ ಇದೆಲ್ಲ ಆಗದು ಎಂದುಕೊಳ್ಳುವುದೂ ಬೇಡ. ಪೊರಕೆ ಕಡ್ಡಿ, ಹುಣಸೆ ಬೀಜ, ಬಾಟಲಿ ಮುಚ್ಚಳ ಸಾಕು. ಆಟಿಕೆಯಂತೆ ಆಕರ್ಷಕವಾದ ವಸ್ತು ಮಗುವಿನ ಗಮನವನ್ನು ಸಂಖ್ಯೆಯಿಂದ ತನ್ನ ಕಡೆಗೇ ಎಳೆದುಕೊಳ್ಳುವುದುಂಟು. ಹುಣಸೆ ಬೀಜದಲ್ಲಿ ಎಣಿಸುವುದು ಬಿಟ್ಟರೆ ನೋಡಲು ಹೆಚ್ಚೇನೂ ಇಲ್ಲ.